ಜೋಡಿ ಎಲೆಗೆ ಬಿಟ್ಟ ಜಾಗ

"ಕೈ ಬಿಡ್ರೀ…!"

"ಮೊದಲು ಮುಷ್ಟಿ ಬಿಚ್ಚಿ."

"ಮುಷ್ಟಿಯಲ್ಲಿ ಏನೂ ಇಲ್ಲ!"

"ಹಾಗಾದ್ರೆ ಬೆರಳು ತೋರಿಸಿ."

ನರ್ಸರಿಯ ಗಾಜಿನ ಮನೆಯೊಳಗೆ ಬೆಳಕು ನೀರಿನಡಿಯ ಬೆಳಕಿನಂತೆ ಹಸಿರಾಗಿತ್ತು. ಗಾಳಿ ಒದ್ದೆಯಾಗಿತ್ತು. ಅವನ ಹಿಡಿತ ಗಟ್ಟಿಯಾಗಿತ್ತು, ಆದರೆ ನೋಯಿಸುವಂತಿರಲಿಲ್ಲ. ಹಾರಿಬಿಡುವ ಹಕ್ಕಿಯನ್ನು ಹಿಡಿದ ಹಾಗೆ ಹಿಡಿದಿದ್ದ.

ಅವಳು ಸೋತು ಮುಷ್ಟಿಯಿಂದ ಒಂದೇ ಬೆರಳು ಚಾಚಿದಳು.

ಅವನು ಬೆರಳನ್ನು ನೋಡಲೇ ಇಲ್ಲ! ತಲೆ ಬಾಗಿಸಿ, ಕಣ್ಣು ಮುಚ್ಚಿ, ಅವಳ ಬೆರಳ ತುದಿಯನ್ನು ಮೂಸಿದ.

ಅವಳ ಉಸಿರು ಅಲ್ಲೇ ನಿಂತಿತು.

"ಮಕ್ರೂತ್," ಎಂದ ನಿಧಾನವಾಗಿ. "ಒಂದೇ ಎಲೆ. ಈಗಷ್ಟೇ ಕಿತ್ತದ್ದು."

ಆಮೇಲೆ ಮೂಲೆಯಲ್ಲಿದ್ದ ಕುಂಡದ ಬಳಿ ಹೋಗಿ, ಥಾಯ್ಲೆಂಡಿನ ನಿಂಬೆಜಾತಿಯ ಆ ಬಡಕಲು ಗಿಡದ ಎಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಎಣಿಸಿದ.

"ಹನ್ನೊಂದಿತ್ತು. ಹತ್ತಿದೆ."

"ಒಂದು ಎಲೆಗೆ ಇಷ್ಟೊಂದು ರಾದ್ಧಾಂತವಾ?"

"ಕಾಯಿಲೆ ಬಿದ್ದ ಗಿಡ ಕಣ್ರೀ ಇದು. ಒಂದೊಂದು ಎಲೆಯೂ ಇದಕ್ಕೆ ಒಂದೊಂದು ತುತ್ತು. ಕಾಯಿಲೆಯವರ ತಟ್ಟೆಯಿಂದ ತುತ್ತು ಕದಿಯೋರನ್ನ ಏನಂತ ಕರೀಬೇಕು ಹೇಳಿ?"

ಆ ಮಾತು ಅವಳಿಗೆ ಎಲ್ಲಿ ತಾಗಿತೋ! ಕಣ್ಣಲ್ಲಿ ಬಳಕ್ಕನೆ ನೀರು ಬಂತು.

"ನಾನೂ ಒಬ್ಬರ ತುತ್ತಿಗೋಸ್ಕರವೇ ಕದ್ದೆ! ನಮ್ಮ ದೊಡ್ಡಮ್ಮ ಊಟ ಬಿಟ್ಟು ಮೂರು ತಿಂಗಳಾಯ್ತು…"

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎಲೆಯಿತ್ತು. ಒಂದು ಎಲೆಯ ತುದಿಯಿಂದಲೇ ಇನ್ನೊಂದು ಎಲೆ ಹೊರಟಂತೆ, ಎರಡನ್ನು ಯಾರೋ ನಾಜೂಕಾಗಿ ಹೊಲಿದಂತೆ ಕಾಣುವ ಜೋಡಿ ಎಲೆ.

ನರ್ಸರಿಯ ಗಿಡದವನು ಅದನ್ನು ಬೆರಳಿನಿಂದ ಸವರಿದ.

"ಕಿತ್ತದ್ದನ್ನ ಮತ್ತೆ ಅಂಟಿಸೋಕಾಗಲ್ಲ. ತಗೊಂಡು ಹೋಗಿ. ಆದ್ರೆ…"

"ಆದ್ರೆ?"

"ನಡುವಿನ ನರ ತೆಗೆದು ಹಾಕಿ. ಇಲ್ಲದಿದ್ರೆ ಕಹಿ ಬಿಡುತ್ತೆ."

*

ಅವಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ವಯಸ್ಸು ಮೂವತ್ತೊಂದಾದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬಂದವರ ಕಣ್ಣಿನ ನಂಬರ್ ನೋಡುವುದು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲವಾದ ಪುಟ್ಟ ತಿರುಪನ್ನು ಬಿಗಿಯುವುದು. ಅದರಲ್ಲಿ ಅವಳ ಕೈ ಪಳಗಿತ್ತು.

ಅವಳನ್ನು ಸಾಕಿ ಬೆಳೆಸಿದವರು ದೊಡ್ಡಮ್ಮ. ಥಾಯ್ಲೆಂಡಿನ ಒಂದು ಮನೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅಲ್ಲಿಯ ಅಡುಗೆಯನ್ನು ಕೈಗೆ ಅಂಟಿಸಿಕೊಂಡು, ತಾಯಿಯಿಲ್ಲದ ಗುಬ್ಬಿಗಾಗಿ ಹಿಂತಿರುಗಿ ಬಂದವರು. ಈಗ ಒಂದು ಕೆಟ್ಟ ಜ್ವರ ಅವರ ಮೂಗಿನ ಶಕ್ತಿಯನ್ನೇ ಕದ್ದುಕೊಂಡು ಹೋಗಿತ್ತು. ವಾಸನೆ ಇಲ್ಲ. ವಾಸನೆ ಇಲ್ಲದ ಮೇಲೆ ರುಚಿಯೂ ಇಲ್ಲ. "ಮಣ್ಣು ತಿಂದ ಹಾಗಿದೆ ಕಣೇ," ಎಂದು ತಟ್ಟೆ ಸರಿಸುತ್ತಿದ್ದರು. ಬೆರಳಿನ ಉಂಗುರಕ್ಕೆ ದಾರ ಸುತ್ತಿದ್ದರೂ ಅದು ಜಾರುತ್ತಿತ್ತು.

"ಅವರ ಮನಸ್ಸಿಗೆ ಹತ್ತಿರವಾದ ವಾಸನೆಗಳನ್ನು ಮತ್ತೆ ಮತ್ತೆ ತೋರಿಸಿ," ಎಂದಿದ್ದರು ಡಾಕ್ಟರು. "ದಾರಿ ಮರೆತ ಮೂಗಿಗೆ ದಾರಿ ಸಿಕ್ಕರೂ ಸಿಗಬಹುದು."

ದೊಡ್ಡಮ್ಮ ಕೇಳಿದ್ದು ಒಂದನ್ನೇ. ತೋಮ್ ಖಾ. ತೆಂಗಿನ ಹಾಲಿನ ಬಿಳಿ ಸಾರು.

ಆದರೆ ಅದಕ್ಕೆ ಬೇಕಾದ ಸಾಮಾನು ಸಿಗಬೇಕಲ್ಲ! ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ದೊಡ್ಡಮ್ಮ ಪಾಠ ಹೇಳುತ್ತಿದ್ದರು.

"ಮೀನಿನ ರಸ ಸಿಗಲಿಲ್ವಾ, ಉಪ್ಪುನೀರಲ್ಲಿ ಒಣ ಸೀಗಡಿ ನೆನೆಸು. ತಾಳೆಬೆಲ್ಲ ಇಲ್ವಾ, ಇರೋ ಬೆಲ್ಲ ಹಾಕು. ಹುಳಿಗೆ, ಉಪ್ಪಿಗೆ, ಸಿಹಿಗೆ ಬದಲಿ ಇದೆ. ವಾಸನೆಗೆ ಮಾತ್ರ ಬದಲಿ ಇಲ್ಲ ಕಣೇ ಗುಬ್ಬಿ."

"ಹಾಗಾದ್ರೆ ಸಿಗದಿದ್ದಾಗ ಏನು ಮಾಡೋದು?"

"ಅದರ ಜಾಗ ಖಾಲಿ ಬಿಡು."

ಹಾಗೆಂದರೆ ಬರಿಯ ಮಾತಲ್ಲ. ಮಕ್ರೂತ್ ಎಲೆ ಹಾಕುವ ಹೊತ್ತು ಬಂದಾಗ ಸೌಟು ಕೆಳಗಿಟ್ಟು, ಹತ್ತು ಉಸಿರಿನಷ್ಟು ಹೊತ್ತು ಪಾತ್ರೆಯ ಮುಂದೆ ಸುಮ್ಮನೆ ನಿಲ್ಲಬೇಕು. ಏನೂ ಹಾಕಬಾರದು. ಪರದೇಶದ ಮನೆಯಲ್ಲಿ ಎಲೆ ಮುಗಿದುಹೋದ ದಿನ ದೊಡ್ಡಮ್ಮ ಹಾಗೆಯೇ ಮಾಡುತ್ತಿದ್ದರಂತೆ. 'ಎಲೆಯ ಹೊತ್ತು' ಎಂದು ಅದಕ್ಕೆ ಹೆಸರನ್ನೂ ಇಟ್ಟಿದ್ದರು. ಒಮ್ಮೆ ಗುಬ್ಬಿ ಕಳ್ಳತನದಿಂದ ನಿಂಬೆಯ ಸಿಪ್ಪೆ ತುರಿದು ಹಾಕಿದ್ದಳು. ನಾಲಿಗೆಯ ಕಹಿಯಲ್ಲೇ ಪತ್ತೆ ಹಚ್ಚಿ, ದೊಡ್ಡಮ್ಮ ಎರಡು ದಿನ ಮಾತು ಬಿಟ್ಟಿದ್ದರು!

ಅಂಗಡಿಯಲ್ಲಿ ಸಿಗುವ ಒಣಗಿದ ಎಲೆಯನ್ನೂ ತಂದು ನೋಡಿದ್ದಾಯಿತು. ಹಳೆಯ ಪುಸ್ತಕದ ನಡುವಿನ ಕಾಗದದಂತಿತ್ತು, ಅಷ್ಟೆ.

ಆ ಸಂಜೆ ಕದ್ದ ಎಲೆ ಸಾರಿಗೆ ಬಿತ್ತು. ನರ ತೆಗೆದೇ ಹಾಕಿದ್ದಳು.

ದೊಡ್ಡಮ್ಮ ಬಟ್ಟಲಿನ ಹಬೆಯ ಮೇಲೆ ಮುಖವಿಟ್ಟರು. ತುಂಬ ಹೊತ್ತು… ಆಮೇಲೆ ಥಟ್ಟನೆ ಕಣ್ಣು ತೆರೆದರು.

"ಏನೋ ಬಂತು ಕಣೇ!"

"ಬಂತಾ? ದೊಡ್ಡಮ್ಮಾ, ನಿಜವಾಗಲೂ?"

"ಬಂತು… ಬಾಗಿಲವರೆಗೂ ಬಂದು, ಒಳಗೆ ಬರದೆ ಹೊರಟುಹೋಯ್ತು."

ಅಂದು ಅವರು ಐದು ಚಮಚ ಸಾರು ಕುಡಿದರು. ಗುಬ್ಬಿ ಒಂದೊಂದು ಚಮಚವನ್ನೂ ಎಣಿಸಿದಳು.

*

ಮುಂದಿನ ಬುಧವಾರ, ಅವಳ ರಜೆಯ ದಿನ, ಗುಬ್ಬಿ ನರ್ಸರಿಯ ಗೇಟಿನ ಮುಂದೆ ನಿಂತಿದ್ದಳು.

ಕೌಂಟರಿನಲ್ಲಿ ಗಿಡದವನ ಅಕ್ಕ ಕೂತಿದ್ದಳು. ತಮ್ಮನಿಗಿಂತ ಹನ್ನೆರಡು ವರ್ಷ ದೊಡ್ಡವಳು, ನಾಲಿಗೆ ಇನ್ನೂ ದೊಡ್ಡದು.

"ಏಯ್, ನಿನ್ನ ಎಲೆಕಳ್ಳಿ ಬಂದಿದ್ದಾಳೆ ನೋಡೋ! ಎಲೆ ಎಣಿಸಿಕೋ!"

ಗುಬ್ಬಿಯ ಮುಖ ಕೆಂಪಾಯಿತು. "ಕ್ಷಮೆ ಕೇಳೋಕೆ ಬಂದೆ ಅಕ್ಕಾ…"

ಗಿಡದವನು ಒಳಗಿನಿಂದಲೇ ಹೇಳಿದ, "ಹೆಜ್ಜೆ ಕೇಳಿದ್ರೇ ಗೊತ್ತಾಯ್ತು. ಎಡಗಾಲಿನ ಚಪ್ಪಲಿ ಎಳೀತೀರಿ ನೀವು."

"ಬೆರಳು ಮೂಸೋದು ಆಯ್ತು, ಈಗ ಚಪ್ಪಲಿ ಲೆಕ್ಕವಾ?" ಎಂದಳು. ಅವನು ನಕ್ಕ. ನಕ್ಕಾಗ ಅವನ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಗುಬ್ಬಿ ಅಂದು ಕಂಡಳು. ಮರೆಯಬೇಕೆಂದುಕೊಂಡಳು… ಆಗಲಿಲ್ಲ!

ಐದು ಚಮಚ ಸಾರಿನ ಕಥೆಯನ್ನು ಅವನು ನಿಂತಲ್ಲೇ ನಿಂತು ಕೇಳಿದ. ಆಮೇಲೆ, "ಇನ್ನೇನೇನು ಸಿಗ್ತಿಲ್ಲ? ಓದಿ ಹೇಳಿ," ಎಂದ.

ದೊಡ್ಡಮ್ಮನ ಪಾಠಗಳನ್ನು ಬರೆದುಕೊಂಡಿದ್ದ ಅಡುಗೆಯ ಪುಸ್ತಕವನ್ನು ಅವಳು ಚೀಲದಿಂದ ತೆಗೆದು ಬಿಚ್ಚಿದಳು.

"ನಿಂಬೆಹುಲ್ಲು."

"ಬೇಲಿ ಪಕ್ಕ ಪೊದೆ ಪೊದೆ ಇದೆ. ಬುಡದ ಬಿಳಿ ಭಾಗ ಜಜ್ಜಿ ಹಾಕಿ."

"ಕೊತ್ತಂಬರಿ ಬೇರು. ಸೊಪ್ಪಿನವಳನ್ನ ಕೇಳಿದ್ರೆ ಬಿದ್ದು ಬಿದ್ದು ನಗ್ತಾಳೆ. ಎಲ್ಲರೂ ಸೊಪ್ಪು ಕೇಳಿದ್ರೆ ನೀನು ಕಸ ಕೇಳ್ತೀಯಲ್ಲಮ್ಮ ಅಂತ."

"ನಾನು ಬೇರು ಸಮೇತ ಕಿತ್ತು ಕೊಡ್ತೀನಿ. ಮುಂದೆ?"

"ಖಾ. ಶುಂಠಿಗೆ ಅಕ್ಕನ ಥರ ಇರೋ ಗೆಡ್ಡೆ. ಅದಿಲ್ಲದೆ ತೋಮ್ ಖಾ ಅನ್ನೋ ಹೆಸರೇ ಸುಳ್ಳು. ಶುಂಠಿಗೆ ಮೆಣಸು ಸೇರಿಸಿ ಹಾಕ್ತಿದ್ದೆ, ದೊಡ್ಡಮ್ಮ ಅದಕ್ಕೂ ಬೈದ್ರು."

ಅವನು ಹುಬ್ಬು ಗಂಟಿಕ್ಕಿದ. ಅವಳನ್ನು ಗೇಟಿನ ಬಳಿಗೆ ಕರೆದುಕೊಂಡು ಹೋದ. ಅಲ್ಲಿ ಅಂದಕ್ಕೆಂದು ಇಟ್ಟಿದ್ದ, ಬಿಳಿ ಹೂವಿನ, ಎತ್ತರದ ಗಿಡದ ಬುಡಕ್ಕೆ ಕೈ ಹಾಕಿ ಮಣ್ಣು ಕೆದಕಿದ. ಒಂದು ಚೂರು ಗೆಡ್ಡೆ ಮುರಿದು ಅವಳ ಮೂಗಿಗೆ ಹಿಡಿದ.

ಕರ್ಪೂರದಂಥ, ಮಳೆ ಬಿದ್ದ ಕಾಡಿನಂಥ ಪರಿಮಳ!

"ಇದೇ! ಇದೇ ಖಾ! ಇಷ್ಟು ದಿನ ಇದರ ಪಕ್ಕದಲ್ಲೇ ಹಾದು ಹೋದೆನಲ್ಲ!"

"ನಾನೂ ಆರು ವರ್ಷದಿಂದ ಹೂವಿಗೆ ಅಂತ ನೀರು ಹಾಕ್ತಿದ್ದೀನಿ," ಎಂದ ಅವನು, ಪೆಚ್ಚಾಗಿ.

ಅಕ್ಕ ಕೌಂಟರಿನಿಂದ ಕೂಗಿದಳು, "ಬಾಗಿಲಲ್ಲಿ ನಿಂತಿರೋದು ನಿನ್ನ ಕಣ್ಣಿಗೆ ಯಾವತ್ತು ಬಿದ್ದಿದೆ ಹೇಳು!"

ಅಂದಿನಿಂದ ಬುಧವಾರಗಳು ಬೇರೆಯೇ ಆದವು.

ಗಾಜಿನ ಮನೆಯ ಹಸಿರು ಬೆಳಕಿನಲ್ಲಿ ಇಬ್ಬರೂ ಗಂಟೆಗಟ್ಟಲೆ ಮಣ್ಣು ಬೆರೆಸುತ್ತಿದ್ದರು. ಗಾಜಿನ ಮೇಲೆ ಕೂತ ಹನಿಗಳು ಒಂದನ್ನೊಂದು ಕೂಡಿ ಇಳಿಯುತ್ತಿದ್ದವು. ಅವನು ಯಾವ ಎಲೆಯನ್ನಾದರೂ ಬೆರಳಲ್ಲಿ ಉಜ್ಜಿ, "ಕಣ್ಣು ಮುಚ್ಚಿ," ಎಂದು ಅವಳ ಮುಖದ ಹತ್ತಿರ ತರುತ್ತಿದ್ದ. ಅವಳು ಹೆಸರು ಹೇಳಬೇಕು. ತಪ್ಪಾದರೆ ಒಂದು ಬಕೆಟ್ ನೀರು ಹೊರಬೇಕು. ಸರಿಯಾದರೆ ಅವನು ಹೊರುತ್ತಿದ್ದ. ಅವಳಿಗೆ ಕೆಲವೊಮ್ಮೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಅಷ್ಟು ಹತ್ತಿರ ಅವನ ಬೆರಳು… ಅಷ್ಟು ಹತ್ತಿರ ಅವನ ಉಸಿರು…

'ಇದೇನಾಗಿದೆ ನನಗೆ?' ಎಂದುಕೊಳ್ಳುತ್ತಿದ್ದಳು.

ಕೊಟ್ಟ ಪ್ರತಿ ಗಿಡಕ್ಕೂ ಅವನು ಬಿಳಿ ಪ್ಲಾಸ್ಟಿಕ್ ಪಟ್ಟಿಯೊಂದರ ಮೇಲೆ ಪೆನ್ಸಿಲಿನಿಂದ ಹೆಸರು ಬರೆದು ಕುಂಡಕ್ಕೆ ಚುಚ್ಚಿ ಕೊಡುತ್ತಿದ್ದ. ಗುಬ್ಬಿ ಆ ಪಟ್ಟಿಗಳನ್ನು ತೊಳೆದು, ತನ್ನ ಅಡುಗೆಯ ಪುಸ್ತಕದೊಳಗೆ ಜೋಪಾನ ಮಾಡುತ್ತಿದ್ದಳು. ಪ್ರೀತಿಗೆ ಬಿದ್ದವರು ಬಸ್ಸಿನ ಚೀಟಿಯನ್ನೂ ಎತ್ತಿಡುತ್ತಾರೆ, ಅಲ್ಲವೇ?

"ಮಕ್ರೂತ್ ಉಳಿಯುತ್ತಾ?" ಎಂದು ಒಮ್ಮೆ ಕೇಳಿದಳು.

"ತಾಯಿಗಿಡ ಉಳಿಯಲ್ಲ. ಬೇರು ಕೊಳೆತಿದೆ. ಅದರ ಕಡ್ಡಿಗಳನ್ನ ನಿಂಬೆ ಸಸಿಗಳ ಮೇಲೆ ಕಸಿ ಕಟ್ತಿದ್ದೀನಿ. ಒಂದು ಹಿಡಿದ್ರೂ ಸಾಕು… ಅದು ನಿಮ್ಮದು."

"ನನ್ನದಾ?"

"ನಿಮ್ಮ ದೊಡ್ಡಮ್ಮನದು," ಎಂದು ತಿದ್ದಿಕೊಂಡ ಅವನು. ಕಿವಿ ಕೆಂಪಾಗಿತ್ತು.

ಮೊದಲ ಸಲ ಕಟ್ಟಿದ ಆರು ಕಸಿಗಳೂ ಒಣಗಿದವು. ಎರಡನೆಯ ಸಲ ಆರರಲ್ಲಿ ಐದು ಒಣಗಿದವು. ತಾಯಿಗಿಡವೂ ಹೋಯಿತು. ಮನೆಯಲ್ಲಿ ಗುಬ್ಬಿ ಪ್ರತಿವಾರ ಎಲೆಯ ಹೊತ್ತಿಗೆ ಸೌಟು ಕೆಳಗಿಟ್ಟು ನಿಲ್ಲುತ್ತಿದ್ದಳು. ದೊಡ್ಡಮ್ಮನ ಪಾಲಿಗೆ ಹೊತ್ತಿಗೆ ನಾಲ್ಕು ಸೌಟು ಗಂಜಿ, ಒಂದು ಬಟ್ಟಲು ಆಸೆ.

ಎಂಟನೆಯ ತಿಂಗಳು ಅವನು ಉಳಿದ ಒಂದು ಕುಂಡವನ್ನು ಎತ್ತಿ ಅವಳ ಕೈಗಿಟ್ಟ. ಎಲೆಯಿಲ್ಲದ ಒಂದು ಕಡ್ಡಿ. ನಡುವೆ, ಕಸಿ ಕೂಡಿಸಿದ ಜಾಗದಲ್ಲಿ, ಪ್ಲಾಸ್ಟಿಕ್ ಹಾಳೆಯ ಕಟ್ಟು. ಒಂದು ಕಡೆ ಹಸಿರಾಗಿ ಉಬ್ಬಿದ ಚಿಗುರಿನ ಮೊಳಕೆ.

ಅಂದು ಅವನಿಗೆ ಕೆಟ್ಟ ನೆಗಡಿ. ಮೂಗು ಕಟ್ಟಿ ಮಾತು ಗುಂಯ್ ಎನ್ನುತ್ತಿತ್ತು. ಹೆಬ್ಬೆರಳಿನಿಂದ ಮೊಳಕೆಯನ್ನು ಸವರಿ ಹೇಳಿದ, "ಹಿಡಿದಿದೆ. ಚಿಗುರ್ತಿದೆ. ಇದನ್ನ ಚಿವುಟಬೇಡಿ, ಬೆಳೆಯೋಕೆ ಬಿಡಿ."

"ಮೊದಲ ಎಲೆ ಬಂದ ದಿನ ಸಾರು ಮಾಡ್ತೀನಿ. ನೀವು ಬರಬೇಕು."

"ಕರೆದ್ರೆ ಬರ್ತೀನಿ."

"ಕರೀತೀನಿ…"

ಕುಂಡದ ಎರಡೂ ಕಡೆ ಇಬ್ಬರ ಕೈಗಳಿದ್ದವು. ಯಾರೂ ಮೊದಲು ತೆಗೆಯಲಿಲ್ಲ.

*

ಚಿಗುರು ಬೆಳೆಯಿತು. ಬಾಲ್ಕನಿಯ ಬಿಸಿಲಿನಲ್ಲಿ ದೊಡ್ಡಮ್ಮ ಅದರ ಪಕ್ಕ ಕೂತು, ಗಿಡದೊಡನೆ ಮಾತಾಡುತ್ತಿದ್ದರು. "ಬೇಗ ಬಾರೇ ತಾಯಿ, ನನಗೂ ವಯಸ್ಸಾಯ್ತು," ಎನ್ನುತ್ತಿದ್ದರು.

ಆದರೆ ಎಲೆ ಅಗಲವಾದಂತೆ ಗುಬ್ಬಿಯ ಎದೆಯಲ್ಲಿ ಏನೋ ಕುಸಿಯತೊಡಗಿತು. ಜೋಡಿ ಎಲೆ ಎಲ್ಲಿ? ಒಂದೇ ಎಲೆ… ಎಲ್ಲವೂ ಒಂಟಿ ಎಲೆ!

'ಇನ್ನೂ ಎಳೆಯದು. ದೊಡ್ಡದಾದ ಮೇಲೆ ಜೋಡಿಯಾಗುತ್ತೇನೋ,' ಎಂದು ತನಗೇ ಸಮಾಧಾನ ಹೇಳಿಕೊಂಡಳು. ದೊಡ್ಡಮ್ಮನಿಗೆ ಕಾಯಲಾಗಲಿಲ್ಲ. "ಇವತ್ತೇ ಹಾಕು," ಎಂದರು. ಅವರ ಕಣ್ಣಿನಲ್ಲಿದ್ದ ಆಸೆಗೆ ಇಲ್ಲ ಎನ್ನುವುದು ಗುಬ್ಬಿಯಿಂದ ಆಗಲಿಲ್ಲ. ಗಿಡದವನನ್ನು ಕರೆಯುವಷ್ಟು ಧೈರ್ಯವೂ ಬರಲಿಲ್ಲ.

ಸಾರು ಕುದಿಯಿತು. ಎಲೆ ಬಿತ್ತು. ದೊಡ್ಡಮ್ಮ ಹಬೆಗೆ ಮುಖವೊಡ್ಡಿದರು, ಒಂದು ಗುಟುಕು ಕುಡಿದರು, ನಾಲಿಗೆಗೆ ಹತ್ತಿದ ಕಹಿಗೆ ಮುಖ ಕಿವುಚಿದರು.

"ಇದು ಅದಲ್ಲ, ಮಗಳೇ."

ಬೈಯಲಿಲ್ಲ. ಮಾತು ಬಿಡಲಿಲ್ಲ. ಬಟ್ಟಲನ್ನು ಮೆಲ್ಲನೆ ದೂರ ಸರಿಸಿ, ಗೋಡೆಯ ಕಡೆ ತಿರುಗಿ ಮಲಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಗುಬ್ಬಿ ಎಲೆಯೊಂದನ್ನು ಕಿತ್ತುಕೊಂಡು ನರ್ಸರಿಗೆ ಓಡಿದಳು.

"ಕೈ ಚಾಚಿ."

ಅವಳ ಧ್ವನಿ ಕೇಳಿ ಅರಳಿದ ಅವನ ಮುಖ, ಎಲೆಯನ್ನು ಉಜ್ಜಿ ಮೂಸಿದ ಕೂಡಲೇ ಬಾಡಿತು.

"ಇದು… ಬರೀ ನಿಂಬೆ."

"ಹೌದು! ಬರೀ ನಿಂಬೆ! ಕಸಿ ಸತ್ತುಹೋಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಖಾಲಿ ಜಾಗ ನನಗೇನು ಹೊಸದಲ್ಲ. ಒಂಬತ್ತು ತಿಂಗಳಿಂದ ಅದರ ಮುಂದೆ ನಿಲ್ತಿದ್ದೀನಿ! ಸುಳ್ಳು ಎಲೆ ಯಾಕೆ ಕೊಟ್ರಿ? ನನ್ನ ಕಾಟ ತಪ್ಪಿದ್ರೆ ಸಾಕು ಅಂತಾನಾ?"

ಅವನ ತುಟಿ ಅಲುಗಿತು. ಏನೋ ಹೇಳಹೊರಟವನು ಎಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ತಪ್ಪಾಯ್ತು," ಎಂದ.

"ಅಷ್ಟೇನಾ?"

"ಅಷ್ಟೇ."

"ಅವರು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಿಮ್ಮ 'ಅಷ್ಟೇ'ನ ಯಾವ ಬಟ್ಟಲಲ್ಲಿ ಹಾಕಿ ಕೊಡ್ಲಿ ಅವರಿಗೆ?"

ಅವಳು ಹೊರಟುಹೋದಳು. ಎಡಗಾಲಿನ ಚಪ್ಪಲಿಯ ಸದ್ದು ಗೇಟು ದಾಟುವವರೆಗೂ ಅವನು ಕೇಳುತ್ತ ನಿಂತಿದ್ದ.

*

ಮೂರು ಬುಧವಾರಗಳು ಖಾಲಿ ಹೋದವು.

ನಿಂಬೆಹುಲ್ಲು ಸೊಪ್ಪಿನವಳ ಬಳಿಯೂ ಸಿಗುತ್ತದೆ. ಮಣ್ಣು ಬೇರೆ ಕಡೆಯೂ ಸಿಗುತ್ತದೆ. ಆದರೆ ಆ ಹಸಿರು ಬೆಳಕು? ಆ ಒಂದು ಕೆನ್ನೆಯ ಗುಳಿ? ಗುಬ್ಬಿ ಗಾಜು ಉಜ್ಜುತ್ತ ಉಜ್ಜುತ್ತ ಕೈ ನಿಲ್ಲಿಸಿ ಕೂರುತ್ತಿದ್ದಳು.

ಮನೆಯಲ್ಲಿ ದೊಡ್ಡಮ್ಮ ಗಂಜಿಯನ್ನೂ ಎರಡು ಸೌಟಿಗೆ ಇಳಿಸಿದ್ದರು. ಆದರೂ ಬಾಲ್ಕನಿಯ ಆ ಗಿಡಕ್ಕೆ ನೀರು ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ಅದಕ್ಕ್ಯಾಕೆ ನೀರು? ಮೋಸದ ಗಿಡ ಅದು!"

"ಗಿಡ ಏನೇ ಮೋಸ ಮಾಡಿದೆ? ನಿಂಬೆ ನಾನು ನಿಂಬೆ ಅಂತಾನೇ ಹೇಳ್ತಿದೆ. ಆ ಹುಡುಗನ ಮೇಲಿನ ಸಿಟ್ಟನ್ನ ಗಿಡದ ಮೇಲೆ ತೀರಿಸ್ಕೋಬೇಡ."

"ಸಿಟ್ಟೇನಿಲ್ಲ ನನಗೆ."

"ಇಲ್ಲದೇ ಇದ್ರೆ ಈರುಳ್ಳಿ ಇಲ್ಲದ ಅಡುಗೆಮನೆಯಲ್ಲಿ ಯಾಕೆ ಅಳ್ತಿದ್ದೀಯ?"

ಗುಬ್ಬಿ ಅಡುಗೆಯ ಪುಸ್ತಕ ತೆಗೆದಳು. ಆ ಪಟ್ಟಿಗಳನ್ನು ಎಸೆದುಬಿಡಬೇಕು. ಇಟ್ಟುಕೊಂಡರೆ ತಾನೇ ಇಷ್ಟೆಲ್ಲ ನೋವು! ಹದಿನಾಲ್ಕು ಬಿಳಿ ಪಟ್ಟಿಗಳು. ಮೇಜಿನ ಮೇಲೆ ಸುರಿದಳು. ಎಸೆಯುವ ಮೊದಲು ಕೊನೆಯ ಸಲವೆಂದು, ಕೊಟ್ಟ ಕ್ರಮದಲ್ಲೇ ಸಾಲಾಗಿ ಜೋಡಿಸಿದಳು.

ಮತ್ತು ಬೆಚ್ಚಿದಳು.

ಮೊದಲ ಪಟ್ಟಿಯಲ್ಲಿ ಇರುವೆಸಾಲಿನಂಥ ಪುಟ್ಟ ಅಕ್ಷರ: 'ನಿಂಬೆಹುಲ್ಲು. ಬಿಸಿಲಿನಲ್ಲಿಡಿ. ದಿನ ಬಿಟ್ಟು ದಿನ ನೀರು.' ಐದನೆಯದರಲ್ಲಿ ಅಕ್ಷರ ದೊಡ್ಡದಾಗಿತ್ತು. ಒಂಬತ್ತನೆಯದರಲ್ಲಿ ನೀರಿನ ಮಾತೇ ಇರಲಿಲ್ಲ, ಜಾಗ ಸಾಲದೆ. ಹದಿನಾಲ್ಕನೆಯದು ಒಂದೇ ಪದ, 'ಮಕ್ರೂತ್'. ಅಕ್ಷರಗಳು ಪಟ್ಟಿಯ ತುಂಬ ಹರಡಿ, ಓರೆಯಾಗಿ, ಕೊನೆಯದು ಅಂಚು ದಾಟಿ ಅರ್ಧ ಹೊರಗೇ ಹೋಗಿತ್ತು.

ದಿನಾ ಎಷ್ಟು ಜನ ಅಂಗಡಿಗೆ ಬಂದು, "ನನ್ನ ಬರವಣಿಗೆಯೇ ಹೀಗಮ್ಮ," ಎಂದು ಇಂಥದ್ದೇ ಚೀಟಿ ತೋರಿಸುತ್ತಾರೆ! ಆಗೆಲ್ಲ ಅವಳು ನಗುತ್ತ ಕುರ್ಚಿ ತೋರಿಸುತ್ತಾಳೆ. ಕೂತ್ಕೊಳ್ಳಿ, ಕಣ್ಣಿನ ನಂಬರ್ ನೋಡೋಣ…

ಬೆರಳು ಮೂಸಿದ್ದು. ಎಲೆಯನ್ನು ಮುಟ್ಟಿ ಎಣಿಸಿದ್ದು. ಚಪ್ಪಲಿಯ ಸದ್ದಿನಲ್ಲಿ ಅವಳನ್ನು ಗುರುತಿಸಿದ್ದು. 'ಓದಿ ಹೇಳಿ' ಎಂದದ್ದು. ಒಂದಾದ ಮೇಲೊಂದು ಒಣಗಿದ ಕಸಿಗಳು. ಆ ದಿನದ ನೆಗಡಿ…

'ಅಯ್ಯೋ! ಊರವರ ಕಣ್ಣೆಲ್ಲ ನೋಡ್ತೀನಿ. ಎಂಟು ತಿಂಗಳು ಎದುರಿಗೇ ಇದ್ದ ಇವರ ಕಣ್ಣನ್ನ ಮಾತ್ರ ನೋಡಲಿಲ್ಲವಲ್ಲ ನಾನು!'

*

ಮರುದಿನ ಬೆಳಗ್ಗೆ ಅಂಗಡಿಯಿಂದ ಮರದ ಪೆಟ್ಟಿಗೆಯೊಂದನ್ನು ಕೇಳಿ ಪಡೆದು ಗುಬ್ಬಿ ಗಾಜಿನ ಮನೆಗೆ ಬಂದಳು. ಅದರ ತುಂಬ ಪರೀಕ್ಷೆಯ ಗಾಜುಗಳು, ಸಾಲು ಸಾಲು.

ಅವನು ಬಗ್ಗಿ ಮಣ್ಣು ಜರಡಿ ಹಿಡಿಯುತ್ತಿದ್ದ. ಹೆಜ್ಜೆ ಕೇಳಿ ಸ್ತಬ್ಧನಾದ.

"ಕೂತ್ಕೊಳ್ಳಿ," ಎಂದಳು. "ಮಾತಾಡಬೇಡಿ."

ಬೋರಲು ಹಾಕಿದ ಕುಂಡದ ಮೇಲೆ ಅವನು ಕೂತ. ಅವಳು ಆ ದೊಡ್ಡ, ಗುಂಡನೆಯ ಪರೀಕ್ಷೆಯ ಫ್ರೇಮನ್ನು ಅವನ ಮೂಗಿನ ಮೇಲಿಡಲು ಬಂದಾಗ ಅವನು ಅವಳ ಮಣಿಕಟ್ಟು ಹಿಡಿದ. ಮೊದಲ ದಿನ ಹಿಡಿದಂತೆಯೇ.

"ಬೇಡ."

"ಯಾಕೆ ಬೇಡ?"

ಅವನು ಮುಖ ತಗ್ಗಿಸಿ ಹೇಳಿದ. "ನಮ್ಮಪ್ಪನಿಗೆ ನನ್ನ ವಯಸ್ಸಲ್ಲೇ ಕನ್ನಡಕ ಬಂತು. ಕನ್ನಡಕದ ಹಿಂದೆಯೇ ಕತ್ತಲೂ ಬಂತು. ಎರಡೇ ವರ್ಷ. ಆಮೇಲೆ ಈ ಗಾಜಿನ ಮನೆಗೆ ಅವರು ಕಾಲಿಡಲೇ ಇಲ್ಲ… ನನಗೆ ಅಕ್ಷರ ಮಂಜಾಗೋಕೆ ಶುರುವಾದಾಗ ಡಾಕ್ಟರ ಹತ್ತಿರ ಹೋಗೋಕೆ ಧೈರ್ಯ ಬರಲಿಲ್ಲ. ಅದರ ಬದಲು ಎಲ್ಲ ಗಿಡಾನೂ ಮೂಗಲ್ಲಿ, ಬೆರಳಲ್ಲಿ ಕಲಿತುಕೊಂಡೆ. ಕತ್ತಲು ಬಂದ್ರೂ ಗಿಡ ಬಿಡಬಾರದು ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಕಣ್ಣು ಕಾಣದ ಗಿಡದವನನ್ನ ಯಾರು…" ಅವನು ಮಾತು ನಿಲ್ಲಿಸಿದ. "ಮೋಸಗಾರ ಅಂದ್ಕೊಂಡ್ರೂ ಪರವಾಗಿಲ್ಲ, ಅಯ್ಯೋ ಪಾಪ ಅನ್ನೋದು ಬೇಡ ಅನ್ನಿಸ್ತು. ನಿಮ್ಮಿಂದ ಮಾತ್ರ ಬೇಡ ಅನ್ನಿಸ್ತು."

ಗುಬ್ಬಿಯ ಕಣ್ಣು ತುಂಬಿತು. ಆದರೆ ಕೈ ನಡುಗಲಿಲ್ಲ. ಅದು ಅವಳ ಕಸುಬು!

"ನಾನು ಅಯ್ಯೋ ಪಾಪ ಅನ್ನಲ್ಲ. ಬೈತೀನಿ. ದಡ್ಡರು ನೀವು! ಈಗ ಹಿಡಿತ ಬಿಡಿ."

ಒಂದು ಗಾಜು ಹಾಕಿದಳು. ತೆಗೆದಳು. ಇನ್ನೊಂದು. "ಇದಾ, ಅದಾ? ಯಾವುದು ಸ್ಪಷ್ಟ?" ಹದಿನಾಲ್ಕನೆಯ ಪಟ್ಟಿಯನ್ನು ಅವನ ಮುಂದೆ ಹಿಡಿದಳು. ಆಮೇಲೆ ಒಂಬತ್ತನೆಯದು. ಐದನೆಯದು. ಕೊನೆಗೆ ಮೊದಲನೆಯದು.

"ದಿನ… ಬಿಟ್ಟು… ದಿನ ನೀರು," ಎಂದು ಓದಿದ ಅವನು. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದ.

"ಗಾಜು ಹಾಕಿದ ಮೇಲೆ ಓದೋಕಾಗ್ತಿದೆ ಅಂದ್ರೆ ಒಳ್ಳೆಯ ಸೂಚನೆ. ನಿಮ್ಮಪ್ಪನ ಕಾಯಿಲೆ ಹೌದಾ ಅಲ್ವಾ ಅಂತ ನಾನು ಹೇಳೋ ಹಾಗಿಲ್ಲ. ಅದನ್ನ ಡಾಕ್ಟರೇ ಹೇಳಬೇಕು. ಇವತ್ತೇ ಹೋಗೋಣ."

"ಹೋಗೋಣ ಅಂದ್ರೆ… ನೀವೂ?"

"ದಾರಿಯಲ್ಲಿ ಓಡಿಹೋದ್ರೆ ಹಿಡಿಯೋಕೆ ಯಾರಾದ್ರೂ ಬೇಕಲ್ಲ!"

ಗಾಜಿನಾಚೆ ನಿಂತಿದ್ದ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗೋ, ಹೋಗು! ಇಬ್ಬರ ಮೂತಿ ನೋಡೀ ನೋಡೀ ನನ್ನ ಕಣ್ಣೇ ಮಂಜಾಗಿದೆ!"

ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಒಂದು ಗಂಟೆ ಪರೀಕ್ಷಿಸಿದರು. ತಂದೆಯ ಕಾಯಿಲೆಯ ಗುರುತಿಲ್ಲ. ಬರಿಯ ನಂಬರ್. ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು.

ಹೊರಗೆ ಬಂದವನು ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಗುಬ್ಬಿ ಹತ್ತು ಉಸಿರಿನಷ್ಟು ಹೊತ್ತು ಪಕ್ಕದಲ್ಲಿ ಸುಮ್ಮನೆ ಕೂತಳು.

*

ಕನ್ನಡಕವನ್ನು ಅವಳೇ ತಯಾರಿಸಿದಳು. ಹಾಕಿಕೊಂಡ ಮೊದಲ ದಿನವೇ ಅವನು ಅವರ ಮನೆಗೆ ಬಂದ. ದೊಡ್ಡಮ್ಮನಿಗೆ ಕೈ ಮುಗಿದು ನೇರವಾಗಿ ಬಾಲ್ಕನಿಗೆ ಹೋದ.

"ನೋಡ್ರೀ ಈ ಹುಡುಗನ್ನ! ನಮ್ಮನ್ನ ಮಾತಾಡಿಸೋಕೆ ಮುಂಚೆ ಗಿಡ ಮಾತಾಡಿಸ್ತಾನೆ," ಎಂದು ದೊಡ್ಡಮ್ಮ ಗೊಣಗಿದರು.

ಅವನು ಮಂಡಿಯೂರಿ ಕಡ್ಡಿಯನ್ನು ನೋಡಿದ. ಮೂಗು ಮುಟ್ಟುವಷ್ಟು ಹತ್ತಿರವಲ್ಲ, ಎಲ್ಲರಂತೆ, ಒಂದು ಮೊಳ ದೂರದಿಂದ.

"ಎಲೆಕಳ್ಳೀ… ಇಲ್ಲಿ ಬನ್ನಿ!"

ಅವನ ಧ್ವನಿ ಕೇಳಿ ಗುಬ್ಬಿ ಓಡಿ ಬಂದಳು.

"ಚಿಗುರೆಲ್ಲ ಕಟ್ಟಿನ ಕೆಳಗಿದೆ. ಇದು ಬುಡದ ನಿಂಬೆಯ ಚಿಗುರು. ಕಾಣಿಸಿದ ತಕ್ಷಣ ಚಿವುಟಿ ಹಾಕಬೇಕು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ನಾನು ಅದನ್ನೇ ಮಕ್ರೂತ್ ಅಂದ್ಕೊಂಡು, ಚಿವುಟಬೇಡಿ ಅಂದೆ! ಈಗ ಕಟ್ಟಿನ ಮೇಲೆ ನೋಡಿ."

ಕಟ್ಟಿನ ಮೇಲಿನ ಕಡ್ಡಿ ಒಣಗಿರಲಿಲ್ಲ. ಸಾಸಿವೆ ಕಾಳಿನಷ್ಟು ಗಾತ್ರದ ಹಸಿರು ಚುಕ್ಕಿಯೊಂದು ಅಲ್ಲಿ ಕಣ್ಣು ಮುಚ್ಚಿ ಕೂತಿತ್ತು.

"ಬದುಕಿದೆ," ಎಂದ ಅವನು ಪಿಸುಮಾತಿನಲ್ಲಿ. "ಇಷ್ಟು ದಿನ ಇದರ ಪಾಲಿನ ಅನ್ನಾನೂ ನಿಂಬೆಯೇ ತಿಂದಿದೆ. ದೊಡ್ಡಮ್ಮ ನೀರು ಹಾಕದೇ ಇದ್ದಿದ್ರೆ ಇದೂ ಹೋಗ್ತಿತ್ತು."

ಮೋಸದ ಗಿಡವೆಂದು ತಾನು ಬಾಯಿಗೆ ಬಂದಂತೆ ಬೈದ ಆ ಕುಂಡದಲ್ಲೇ, ನಿಜವಾದದ್ದು ಒಂದು ಬೆರಳು ಮೇಲೆ ಕಾಯುತ್ತಿತ್ತು! ಅವನು ಚಾಕುವಿನಿಂದ ಕೆಳಗಿನ ಚಿಗುರುಗಳನ್ನು ಒಂದೊಂದಾಗಿ ಸವರಿ ತೆಗೆದ.

ಮುಂದಿನ ವಾರಗಳಲ್ಲಿ ಆ ಚುಕ್ಕಿ ಕಾಳಾಯಿತು, ಕಾಳು ಮೊಳಕೆಯಾಯಿತು. ದೊಡ್ಡಮ್ಮ ದಿನವೂ ಬೆಳಗ್ಗೆ ವರದಿ ಒಪ್ಪಿಸುತ್ತಿದ್ದರು. ಬುಧವಾರಗಳು ಈಗ ಬಾಲ್ಕನಿಯಲ್ಲಿ ನಡೆಯುತ್ತಿದ್ದವು.

ಎರಡು ತಿಂಗಳಾದ ಮೇಲೆ, ಒಂದು ಬುಧವಾರ ಸಂಜೆ, ಮೊದಲ ಜೋಡಿ ಎಲೆ ಬಲಿತಿತ್ತು. ಒಂದರ ತುದಿಯಿಂದ ಇನ್ನೊಂದು, ಹೊಲಿದ ಹಾಗೆ.

ತೆಂಗಿನ ಹಾಲು ಬಿಸಿಯಾಯಿತು. ಗೇಟಿನ ಗಿಡದ ಖಾ, ಬೇಲಿಯ ನಿಂಬೆಹುಲ್ಲು, ಬೇರು ಸಮೇತ ಕಿತ್ತ ಕೊತ್ತಂಬರಿ, ಬಿಳಿ ಅಣಬೆ. ಎಲೆಯ ಹೊತ್ತು ಬಂತು. ಗುಬ್ಬಿ ಅಭ್ಯಾಸಬಲದಿಂದ ಸೌಟು ಕೆಳಗಿಟ್ಟು ನಿಂತುಬಿಟ್ಟಳು. ಅವನು ಎಲೆಯ ನಡುವಿನ ನರ ತೆಗೆದು ಅವಳ ಅಂಗೈಯಲ್ಲಿಟ್ಟ.

"ಈ ಸಲ ಕದ್ದದ್ದಲ್ಲ," ಎಂದ.

ಎಲೆ ಬಿತ್ತು. ದೊಡ್ಡಮ್ಮ ಬಗ್ಗಿ ಹಬೆಗೆ ಮುಖವಿಟ್ಟರು. ಕಾದರು. ಇಬ್ಬರೂ ಉಸಿರು ಬಿಗಿಹಿಡಿದರು.

ದೊಡ್ಡಮ್ಮ ತಲೆಯಾಡಿಸಿದರು. ಇಲ್ಲ.

"ಇರಲಿ ಬಿಡ್ರೋ," ಎಂದು ಇಬ್ಬರ ತಲೆಯನ್ನೂ ಸವರಿದರು. "ಬಣ್ಣ ಚೆನ್ನಾಗಿದೆ. ಕಣ್ಣಿಗಾದ್ರೂ ಊಟ ಆಯ್ತಲ್ಲ. ಸ್ವಲ್ಪ ಹೊತ್ತು ಮಲಗ್ತೀನಿ."

ಅವರು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಗುಬ್ಬಿ ಒಲೆಯ ಮುಂದೆ ಬಿಕ್ಕಿದಳು. ಅವನು ಅವಳನ್ನು ತನ್ನ ಕಡೆ ತಿರುಗಿಸಿದ.

"ಒಂದು ಮಾತು ಕೇಳ್ಲಾ?"

"ಏನು?"

"ಆ ಮೂರು ಬುಧವಾರ ನಾನು ಇರಲಿಲ್ಲವಲ್ಲ… ನನ್ನ ಜಾಗಕ್ಕೆ ಏನು ಹಾಕಿದ್ರಿ?"

ಅವಳು ಅಳುತ್ತಲೇ ನಕ್ಕಳು. "ಏನೂ ಹಾಕಲಿಲ್ಲ. ಖಾಲಿ ಬಿಟ್ಟಿದ್ದೆ."

"ಬದಲಿ…?"

"ನಿಮಗೆ ಬದಲಿ ಇಲ್ಲ ಕಣ್ರೀ!"

ಕನ್ನಡಕದ ಹಿಂದೆ ಅವನ ಕಣ್ಣು ತುಂಬಿತು. "ಹಾಗಾದ್ರೆ ನಾನು ಅಲ್ಲೇ ಇದ್ದುಬಿಡ್ಲಾ? ಯಾವಾಗಲೂ?"

ಅವಳು ಅವನ ಎದೆಗೆ ಹಣೆಯಿಟ್ಟಳು. ಅವನ ಅಂಗಿಯಲ್ಲಿ ಮಣ್ಣಿನ, ಎಲೆಯ, ಬಿಸಿಲಿನ ವಾಸನೆಯಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಇಬ್ಬರಿಗೂ ತಿಳಿಯದು…

"ಗುಬ್ಬೀ!" ಕೋಣೆಯಿಂದ ದೊಡ್ಡಮ್ಮನ ಗದರಿಕೆ. "ಸಾರು ತಳ ಹಿಡೀತಿದೆ ಕಣೇ! ಒಲೆ ಆರಿಸು! ಸೀದ ವಾಸನೆ ಇಲ್ಲೀವರೆಗೂ ಬಂತು, ಇಬ್ಬರ ಮೂಗಿಗೂ ಏನಾಗಿದೆ?"

ಗುಬ್ಬಿ ಒಲೆ ಆರಿಸಲು ಕೈ ಚಾಚಿದವಳು ಅರ್ಧದಲ್ಲೇ ನಿಂತಳು.

ಒಲೆಯನ್ನು ಅವನೇ ಆರಿಸಿದ.

ದೊಡ್ಡಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯನ್ನು ಮೂಗಿನ ಮೇಲಿಟ್ಟುಕೊಂಡಿದ್ದರು. ತಾವೇ ಹೇಳಿದ ಮಾತು ತಮಗೇ ಈಗ ಕೇಳಿಸಿದವರಂತೆ ನಿಂತಿದ್ದರು.

"ಸೀದದ್ದು…" ಎಂದರು ಮೆಲ್ಲಗೆ. ಮತ್ತೆ ಉಸಿರೆಳೆದುಕೊಂಡರು. "ಅದರ ಹಿಂದೆ… ಎಲೆ."

ಸೀದ ಸಾರನ್ನೇ ಅವರು ಬಟ್ಟಲು ತುಂಬ ಕುಡಿದರು. ಗುಬ್ಬಿ ಈ ಸಲ ಚಮಚ ಎಣಿಸಲಿಲ್ಲ.

ದೊಡ್ಡಮ್ಮ ಎರಡನೆಯ ಬಟ್ಟಲು ಕೇಳಿದಾಗ, ಬಾಲ್ಕನಿಯಲ್ಲಿ ಗಿಡದ ಪಕ್ಕ ನಿಂತ ಅವನು ಅವಳ ಬೆರಳುಗಳನ್ನು ಹಿಡಿದು ಮುಖದ ಹತ್ತಿರ ತಂದುಕೊಂಡ. ಕಣ್ಣು ಮುಚ್ಚಿದ.

"ಈಗ ಕನ್ನಡಕ ಇದೆಯಲ್ಲ," ಎಂದು ಅವಳು ಛೇಡಿಸಿದಳು. "ಇನ್ನೂ ಯಾಕೆ ಮೂಸೋದು?"

"ಕಳವಾದದ್ದು ಎಲ್ಲಿದೆ ಅಂತ ನೋಡ್ತಿದ್ದೆ."

"ಸಿಕ್ತಾ?"

"ಸಿಕ್ತು. ನಿಮ್ಮ ಹತ್ತಿರವೇ ಇರಲಿ… ವಾಪಸ್ ಕೊಡಬೇಡಿ."